ಒಂದು ಮೆಗಾ ಓಮ್

ಜುಲೈ 14, ಸಂಜೆ

ಇವತ್ತೂ ಬೆಂಚ್ ಟೆಸ್ಟ್, ಆಫೀಸಿನ ಮೇಜಿನ ಮೇಲೆ. ಅಲಾರಂ ನೂರಕ್ಕೆ ನೂರು ಸಲ ಕೂಗಿತು. ಬೋಟಿನ ತಳಕ್ಕೆ ನೀರು ನುಗ್ಗಿದರೆ ಸೆನ್ಸರ್ ಚಿಪ್ಪಿಗೆ ಹೇಳುತ್ತದೆ, ಚಿಪ್ ಸೈರನ್ನಿಗೆ. ತೊಂದರೆ ಒಂದೇ — ಚಿಪ್ ಮಾತನಾಡುವುದು 1.8 ವೋಲ್ಟಿನಲ್ಲಿ, ಸೈರನ್ನಿಗೆ ಕೇಳಿಸಬೇಕಾದರೆ 3.3ರ ಹತ್ತಿರ ಬೇಕು. ನಡುವೆ ಸಾಸಿವೆ ಕಾಳಿನಷ್ಟು ಒಂದು ಟ್ರಾನ್ಸಿಸ್ಟರ್, ಎರಡು ರೆಸಿಸ್ಟರ್. ನೀರಿಲ್ಲದಾಗಲೂ ಆ ರೆಸಿಸ್ಟರುಗಳಲ್ಲಿ ಬ್ಯಾಟರಿ ಸೋರುತ್ತಲೇ ಇರುತ್ತದೆ. 10 ಕೆ, ಅಂದರೆ 10 ಕಿಲೋ ಓಮ್, ಹಾಕಿದರೆ ಬ್ಯಾಟರಿ ಆರೇ ತಿಂಗಳು. ತೆಗೆದು ಅದರ ನೂರು ಪಟ್ಟಿನ 1 ಮೆಗಾ ಹಾಕಿದೆ. ಐದು ವರ್ಷ! ನಮ್ಮ ಬಾಸ್ ಪೌಲ್ ಸರ್ ಸ್ಲೈಡಿಗೆ ಅದೇ ಬೇಕು... ನನಗೂ.

ಬೋರ್ಡ್ ಸೋಲ್ಡರ್ ಮಾಡುವ ಮೆರ್ಲಿನ್ ಮೂಗು ಮುರಿದಳು. "ಒನ್ ಮೆಗಾ ಎಂತಕ್ಕೆ ಸರ್? ಲೈನನ್ನು 3.3ಕ್ಕೆ ಮೇಲೆ ಎಳೆಯಲಿಕ್ಕೆ ಶಕ್ತಿಯೇ ಇರುದಿಲ್ಲ. ಹಂಡ್ರೆಡ್ ಕೆ ಹಾಕುವ."

ಡಿಪ್ಲೊಮಾದವಳು ಎಂ.ಟೆಕ್ ಆದವನಿಗೆ ಪಾಠ ಹೇಳುತ್ತಾಳೆ! "ಡಿಸೈನ್ ನನ್ನದು ಮಾರಾಯ್ತಿ, ಬೆಸುಗೆ ನಿನ್ನದು" ಎಂದೆ. ಅವಳು ಮತ್ತೆ ಬೆಸುಗೆಗೆ ಬಗ್ಗಿದಳು.

ಜುಲೈ 31

ಅಲಾರಂ ಬಾಕ್ಸನ್ನು ದಕ್ಕೆಯಲ್ಲಿ ಕಟ್ಟಿದ್ದ ಅಪ್ಪನ ಮೀನಿನ ಬೋಟಿನಲ್ಲಿ ಕೂರಿಸಿದೆ. ಮೊದಲ ಟ್ರಯಲ್. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಿತು, ನಾಳೆಯಿಂದ ಬೋಟುಗಳು ಮತ್ತೆ ಕಡಲಿಗೆ. ಅಪ್ಪ ಎಂಜಿನ್ನಿಗೆ ಕುಂಕುಮ ಹಚ್ಚಿದರು, ಅದೇ ಬೆರಳಲ್ಲಿ ನನ್ನ ಬಾಕ್ಸಿಗೂ. ಗಂಟೆಗೊಮ್ಮೆ ಹಲಗೆ ಎತ್ತಿ ತಳದ ನೀರು ನೋಡುವುದು ಅವರ ನಲವತ್ತು ವರ್ಷದ ಕ್ರಮ. ಇವತ್ತು ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೆ ಹೇಳಿದರು, "ಇನ್ನು ಹಲಗೆ ಎತ್ತುವ ಕೆಲಸ ಇಲ್ಲ. ನನ್ನ ಮಗನ ಪೆಟ್ಟಿಗೆ ಬೊಬ್ಬೆ ಹಾಕ್ತದೆ."

ಎದೆ ಉಬ್ಬಿತು. ಇಲ್ಲ ಎನ್ನುವುದೇಕೆ.

ಆಗಸ್ಟ್ 19

ಐದು ದಿನ ಪೆನ್ನು ಹಿಡಿಯಲಾಗಲಿಲ್ಲ. ಹದಿನಾಲ್ಕರ ಬೆಳಿಗ್ಗೆ, ನಡುಕಡಲಲ್ಲಿ, ಪ್ರೊಪೆಲ್ಲರ್ ಶಾಫ್ಟಿನ ಬದಿಯಿಂದ ನೀರು ನುಗ್ಗಿತು. ಬಾಕ್ಸ್ ತುಟಿ ಪಿಟಕ್ಕೆನ್ನಲಿಲ್ಲ. ಎಂಜಿನ್ ಅರ್ಧ ಮುಳುಗಿದಾಗಲೇ ಗೊತ್ತಾದದ್ದು. ನೀರು ಎತ್ತಿ ಹಾಕುವಾಗ ಅಪ್ಪನ ಬಲಗೈ ಸೈಲೆನ್ಸರಿಗೆ ತಾಗಿ ಮೊಣಕೈವರೆಗೆ ಸುಟ್ಟಿದೆ. ಇನ್ನೊಂದು ಬೋಟು ಎಳೆದು ತಂದಿತು. ಏಳು ಜನ. ಏಳೂ ಜನ ಬದುಕಿದ್ದಾರೆ.

ಇವತ್ತು ಆಫೀಸು. ಪೌಲ್ ಸರ್ ಎಲ್ಲರ ಎದುರೇ ಕೇಳಿದರು, "ಎಂತ ಆದದ್ದು ರಂಜಿತ್?" ಬೋರ್ಡ್ ಬಿಚ್ಚಿಯೂ ನೋಡಿರಲಿಲ್ಲ. ಬಾಯಿಗೆ ಬಂದದ್ದು — "ಡ್ರೈ ಸೋಲ್ಡರ್ ಸರ್. ಬೆಸುಗೆ ಸರಿ ಕೂತಿಲ್ಲ."

ಮೆರ್ಲಿನ್ ಅಲ್ಲೇ ಇದ್ದಳು. ಬೈಸಿಕೊಂಡಳು. ನಾಳೆಯಿಂದ ಅವಳಿಗೆ ಪ್ಯಾಕಿಂಗ್ ಕೆಲಸ.

ಆಗಸ್ಟ್ 21

ಬೋರ್ಡ್ ಬಿಚ್ಚಿದೆ. ಬೆಸುಗೆ ಒಂದೊಂದೂ ಕನ್ನಡಿ. ಬಾಕ್ಸಿನ ತನಕ ನೀರು ಬಂದಿರಲೇ ಇಲ್ಲ. ಆದರೆ ಕಡಲ ಗಾಳಿಗೆ ಬೋರ್ಡಿನ ಮೇಲೆ ಉಪ್ಪಿನ ತೆಳು ಪೊರೆ. ನನ್ನ 1 ಮೆಗಾ ಕೊಡುವ ಚೂರು ಕರೆಂಟು ಆ ಪೊರೆಯಲ್ಲೇ ಸೋರಿಹೋಗುತ್ತಿತ್ತು. 3.3 ಬರಬೇಕಾದಲ್ಲಿ 1.5. ಸೈರನ್ನಿಗೆ ಕೇಳಿಸಿಯೇ ಇಲ್ಲ. 100 ಕೆ ಹಾಕಿ ನೋಡಿದೆ. 2.9. ಕೂಗಿತು.

ವಾಮಂಜೂರಿನ ಆಫೀಸಿನ ಎ.ಸಿ. ರೂಮಿನಲ್ಲಿ ಟೆಸ್ಟ್ ಮಾಡಿದವನು ಹುಟ್ಟಿದ್ದು ಉಳ್ಳಾಲದಲ್ಲಿ, ಕಡಲಿಂದ ನೂರು ಹೆಜ್ಜೆಗೆ. ಮಳೆಗಾಲದಲ್ಲಿ ಅಮ್ಮನ ಭರಣಿಯ ಉಪ್ಪು ನೀರಾಗುವುದನ್ನು ನೋಡುತ್ತಲೇ ಬೆಳೆದವನು. ಇದಕ್ಕೆ ಎಂ.ಟೆಕ್ ಬೇಕಿತ್ತೇ?

100 ಕೆ ಹಾಕಿದ್ದರೆ ಬ್ಯಾಟರಿ ಎರಡು ವರ್ಷ ಧಾರಾಳ ಬರುತ್ತಿತ್ತು. ನಾಳೆ ಪೌಲ್ ಸರ್‌ಗೆ ಹೇಳುತ್ತೇನೆ.

ಆಗಸ್ಟ್ 25

ಹೇಳಲಿಲ್ಲ. ಕ್ಯಾಂಟೀನಿಗೆ ಹೋಗುವ ದಾರಿ ಪ್ಯಾಕಿಂಗ್ ಬದಿಯಿಂದ. ಈಗ ಸುತ್ತು ಹಾಕಿ ಹೋಗುತ್ತೇನೆ.

ಆಗಸ್ಟ್ 31, ಭಾನುವಾರ

ಊರಿಗೆ ಹೋಗಿದ್ದೆ. ಅಪ್ಪನ ಕೈಗೆ ಮುಲಾಮು ಹಚ್ಚುತ್ತಾ ಅಮ್ಮ ಬೈಯುತ್ತಿದ್ದರು, "ಇವರದ್ದೇ ತಪ್ಪು. ಸ್ವಿಚ್ ಆಫ್ ಮಾಡಿಟ್ಟರಂತೆ. ದಕ್ಕೆಯಲ್ಲಿ ಎಲ್ಲರಿಗೂ ಅವರೇ ಹೇಳಿದ್ದಾರೆ."

ಆ ಬಾಕ್ಸಿಗೆ ಸ್ವಿಚ್ಚೇ ಇಲ್ಲ.

ಅಮ್ಮ ಒಳಗೆ ಹೋದ ಮೇಲೆ ಕೇಳಿದೆ. ಅಪ್ಪ ಕೈ ನೋಡಿಕೊಂಡೇ ಹೇಳಿದರು, "ಮತ್ತೆಂತ ಹೇಳುದು ಮಗಾ? ನಿನ್ನ ಹೆಸರು ಹಾಳಾಗುದು ಬೇಡ."

ನನ್ನ ತಪ್ಪನ್ನು ಅಪ್ಪ ತಮ್ಮ ತಲೆಗೆ ಎಳೆದುಕೊಂಡರು. ನಾನು ಮೆರ್ಲಿನ್ ತಲೆಗೆ ಕಟ್ಟಿದೆ. ನಾಚಿಕೆ... ಅಮ್ಮ ಬಡಿಸಿದ ಅನ್ನ ಬಿಟ್ಟು ಎದ್ದೆ.

ಸಂಜೆ ನೇರ ಜೆಪ್ಪುವಿಗೆ, ಮೆರ್ಲಿನ್ ಮನೆಗೆ. ಎಲ್ಲ ಹೇಳಿದೆ. ಬಾಗಿಲಲ್ಲೇ ನಿಂತು ಕೇಳಿದಳು.

"ಗೊತ್ತುಂಟು ಸರ್. ಸ್ಪೇರ್ ಬೋರ್ಡಿಗೆ ಉಪ್ಪು ನೀರು ಸ್ಪ್ರೇ ಮಾಡಿ ನಾನೂ ಅಳೆದಿದ್ದೇನೆ. ಟೆಸ್ಟ್ ರಿಜಿಸ್ಟರಲ್ಲಿ ಉಂಟು."

"ಪೌಲ್ ಸರ್‌ಗೆ ಯಾಕೆ ತೋರಿಸಲಿಲ್ಲ?"

"ನೀವು ಹೇಳ್ತೀರಾ ಅಂತ ನೋಡ್ತಾ ಇದ್ದೆ."

ಸಾರಿ ಎಂದೆ. ತಲೆ ಅಲ್ಲಾಡಿಸಿದಳು. "ಇಲ್ಲಿ ಬೇಡ ಸರ್. ನಾನು ಬೈಸಿಕೊಂಡದ್ದು ಎಲ್ಲರ ಎದುರು ಅಲ್ವಾ?"

ಸೆಪ್ಟೆಂಬರ್ 1, ಬೆಳಿಗ್ಗೆ 8.50

ಮೀಟಿಂಗ್ ರೂಮ್. ಎಲ್ಲರನ್ನೂ ಕರೆದದ್ದು ನಾನೇ. ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ಇವತ್ತು ಒಪ್ಪಿಕೊಳ್ಳುತ್ತೇನೆ ಎಂದು. ಅಪ್ಪ — "ಹಾಗಾದ್ರೆ ದಕ್ಕೆಯಲ್ಲಿ ನಾನೂ ನಿಜ ಹೇಳ್ಬೇಕಲ್ಲ ಮಾರಾಯ. ಒಬ್ಬನೇ ಹೋಗ್ಲಿಕ್ಕೆ ನಾಚಿಕೆ ಆಗ್ತದೆ. ಸಂಜೆ ನೀನೂ ಬಾ."

ಬರುತ್ತೇನೆ ಎಂದೆ.

ಮೆರ್ಲಿನ್ ಬಂದಳು. ರಿಜಿಸ್ಟರ್ ತೆರೆದು ನನ್ನ ಮುಂದಿಟ್ಟು, ಎದುರಿನ ಕುರ್ಚಿಯಲ್ಲಿ ಕುಳಿತಳು. ಪೌಲ್ ಸರ್ ಬಾಗಿಲು ಹಾಕುತ್ತಿದ್ದಾರೆ. ಎದ್ದು ನಿಲ್ಲಬೇಕು. ಮೊದಲು ಅವಳ ಹೆಸರು ಹಿಡಿದು ಸಾರಿ, ಆಮೇಲೆ ನನ್ನ ತಪ್ಪು—