ಕುರ್ಚಿಯಲ್ಲಿ ಐದು ನಿಮಿಷ

ಕಟಿಂಗ್ ಶಾಪಿನಿಂದ,
ಹದಿನಾಲ್ಕನೇ ತಾರೀಕು, ಊಟದ ಹೊತ್ತು

ನನ್ನ ಪ್ರೀತಿಯ ಇವಳೇ,

ಹೇಗಿದ್ದೀಯ? ಹಾಸ್ಟೆಲ್ಲಿನ ಮಂಚ ಇನ್ನೂ ಕಿರುಗುಟ್ಟುತ್ತಿದೆಯೋ, ಯಾರಿಗಾದರೂ ಹೇಳಿ ಎರಡು ಹನಿ ಎಣ್ಣೆ ಬಿಡಿಸಿದೆಯೋ? ಸೊಂಟನೋವು ಹೇಗಿದೆ? ತರಬೇತಿಯವರು ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸುತ್ತಾರೆ ಎಂದು ಬರೆದಿದ್ದೆ. ಊರಿಗೆಲ್ಲ "ನಡೀರಿ, ಓಡಾಡಿ, ಕೂತಲ್ಲೇ ಕೂರ್ಬೇಡಿ" ಅಂತ ಹೇಳುವ ಸಿಸ್ಟರನ್ನೇ ಹಿಡಿದು ಕೂರಿಸಿದ್ದಾರಲ್ಲ, ಅವರಿಗೆ ಬುದ್ಧಿ ಹೇಳುವವರು ಯಾರೂ ಇಲ್ಲವೇ? ನಾವಿಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮೊಣಕಾಲು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನೀನಿಲ್ಲದೆ ಬೈಸಿಕೊಳ್ಳಲು ನಾನೊಬ್ಬನೇ ಉಳಿದಿದ್ದೇನೆ, ಹಾಗಾಗಿ ನಿನ್ನ ಪಾಲೂ ನನಗೇ ಬರುತ್ತಿದೆ. ಅಡುಗೆಗೆ ಉಪ್ಪು ಕಡಿಮೆ ಹಾಕಬೇಕೆಂಬ ನಿನ್ನ ಕಾನೂನು ಇನ್ನೂ ಜಾರಿಯಲ್ಲಿದೆ. ಅಮ್ಮ ಉಪ್ಪಿನ ಡಬ್ಬಿಯನ್ನು ನನಗೆ ಸಿಗದ ಹಾಗೆ ನನ್ನ ಕೈಲೇ ಅಟ್ಟದ ಮೇಲೆ ಇಡಿಸಿದ್ದಾಳೆ. ಅವಳಿಗೆ ಬೇಕಾದಾಗ ಸ್ಟೂಲು ಹತ್ತಿ ಇಳಿಸಿಕೊಡುವವನು ಮಾತ್ರ ನಾನೇ.

ನಿನ್ನ ಕಾಗದ ಮೊನ್ನೆ ಕೈಸೇರಿತು. ಪಟ್ಟಣದ ಆಸ್ಪತ್ರೆಯವರು ಔಷಧಿ ಉಗ್ರಾಣದಲ್ಲಿ ಕೆಲಸ ಕೊಡುತ್ತೇವೆ ಎಂದಿದ್ದಾರೆ, ತಿಂಗಳ ಕೊನೆಯೊಳಗೆ ಒಪ್ಪಿಗೆ ಬರೆದುಕೊಡಬೇಕು, ಮನಸ್ಸಿನಲ್ಲಿ ಮುಕ್ಕಾಲು ಪಾಲು ಒಪ್ಪಿಯಾಗಿದೆ ಎಂದು ಬರೆದಿದ್ದೀಯ. "ಡಬ್ಬಿಗಳ ಜೊತೆ ಇದ್ದುಬಿಡ್ತೀನಿ ರೀ, ಡಬ್ಬಿಗಳಿಗೆ ಲಕ್ವ ಹೊಡೆಯಲ್ಲ" ಎಂಬ ಸಾಲನ್ನು ಕತ್ತಿ ಹಿಡಿದುಕೊಂಡೇ ಎರಡು ಸಲ ಓದಿದೆ. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ, ಇವನಿಗೇನಾಯಿತು ಎಂದು ಕನ್ನಡಿಯಲ್ಲೇ ನನ್ನನ್ನು ನೋಡುತ್ತಿದ್ದ. ಬೇಕರಿಯವನ ಬಿ.ಪಿ. ಇಳಿಸಿದವಳು ನೀನೇ ಕಣೇ. ಇಳಿಯಿತಲ್ಲ, ಇನ್ನೇಕೆ ಎಂದುಕೊಂಡು ಯಾರಿಗೂ ಹೇಳದೆ ಮಾತ್ರೆ ಬಿಟ್ಟವನು ಅವನು. ನೀನು ದಿನಾ ಅವನ ಅಂಗಡಿಯ ಮುಂದೆ ಹೋಗುತ್ತಿದ್ದೆ, ದಿನಾ ನಕ್ಕು ಮಾತಾಡಿಸುತ್ತಿದ್ದೆ, ಮಾತ್ರೆ ತಗೊಂಡ್ರಾ ಎಂದು ಒಂದು ಸಲವೂ ಕೇಳಲಿಲ್ಲ ಎಂಬುದೇ ನಿನ್ನ ಕೊರಗು. ಅವನು ಒಲೆಯ ಮುಂದೆ ಬಿದ್ದು, ಎಡಭಾಗ ಸೋತುಹೋದ ಮೇಲೆ ನೀನು ಸರಿಯಾಗಿ ಊಟ ಮಾಡಿದ್ದನ್ನು ನಾನು ಕಾಣೆ. ತರಬೇತಿಗೆ ಬಸ್ಸು ಹತ್ತುವಾಗ "ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ" ಅಂದೆಯಲ್ಲ, ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಉಗ್ರಾಣದ ಕೆಲಸ ಬೇಡ ಎಂದು ನಾನು ಹೇಳುವುದಿಲ್ಲ. ನಿನ್ನ ಕೆಲಸ, ನಿನ್ನ ಇಷ್ಟ. ನಾನು ಊರಿನ ಸುದ್ದಿಯನ್ನಷ್ಟೇ ಬರೆಯುತ್ತೇನೆ. ಸುದ್ದಿ ಹೇಳುವುದು ನನ್ನ ಮೊದಲ ಕಸುಬು, ಕೂದಲು ಕತ್ತರಿಸುವುದು ಆಮೇಲಿನದು.

ನಿನಗೆ ನೆನಪಿದೆಯಾ, ಮೊದಲೆಲ್ಲ ನೀನು ಬಿ.ಪಿ. ಮಿಷನ್ನಿನ ಚೀಲ ಹೆಗಲಿಗೇರಿಸಿ ಮನೆಮನೆ ಸುತ್ತಿ ಸುಸ್ತಾಗಿ ಬರುತ್ತಿದ್ದೆ. ಒಬ್ಬ ಗಂಡಸೂ ಮನೆಯಲ್ಲಿ ಸಿಗುತ್ತಿರಲಿಲ್ಲ. ಇದ್ದವರೂ ನೀನು ಬಂದದ್ದು ಕಂಡು ಹಿತ್ತಿಲ ಬಾಗಿಲಿಂದ ಪರಾರಿ. ಒಂದು ದಿನ ನನ್ನನ್ನು ಊಟಕ್ಕೆ ಕರೆಯಲು ಅಂಗಡಿಗೆ ಬಂದವಳು ಬಾಗಿಲಲ್ಲೇ ನಿಂತೆ. ಬೆಂಚಿನ ತುಂಬ ಗಂಡಸರು, ಒಬ್ಬ ಕುರ್ಚಿಯಲ್ಲಿ ಕತ್ತೆತ್ತಿಕೊಂಡು. "ಅಯ್ಯೋ, ಇವರೆಲ್ಲ ಇಲ್ಲೇ ಇದ್ದಾರಲ್ರೀ! ನಾನು ಊರೆಲ್ಲ ಹುಡುಕ್ತಿದ್ದೀನಿ!" ಎಂದು ತಲೆಗೆ ಕೈ ಹೊತ್ತುಕೊಂಡೆ. ಆಮೇಲೆ ನನ್ನ ಕುರ್ಚಿಯ ಮೇಲೆ ಕಣ್ಣು ಹಾಕಿದೆ. ಬೆನ್ನಿಗೆ ಒರಗು ಇದೆ, ಕಾಲು ಊರಲು ಜಾಗ ಇದೆ, ಮಡಿಸಿದ ಟವೆಲ್ಲು ಕೊಟ್ಟರೆ ತೋಳು ಎದೆಯ ಮಟ್ಟಕ್ಕೆ ಬರುತ್ತದೆ, ಬಿ.ಪಿ. ನೋಡಲೆಂದೇ ಮಾಡಿಸಿದ ಹಾಗಿದೆ ಎಂದು ಹೊಗಳಿದೆ. ನಾನು ಉಬ್ಬಿಹೋದೆ. ಆಮೇಲೆ ಮೆಲ್ಲಗೆ ಕಾನೂನು ಹೊರಗೆ ಬಂತು. ತೋಳಿಗೆ ಬಿ.ಪಿ. ಪಟ್ಟಿ ಕಟ್ಟುವ ಮುಂಚೆ ಐದು ನಿಮಿಷ ಬಾಯಿ ಮುಚ್ಚಿಕೊಂಡು ಕೂರಬೇಕು, ಅಂಗಡಿಯಲ್ಲಿ ಇದ್ದವರೂ ತುಟಿ ಪಿಟಕ್ಕೆನ್ನಬಾರದು. ಕಟಿಂಗ್ ಶಾಪಿನಲ್ಲಿ ಮಾತಾಡಬಾರದಂತೆ! "ಇದೇನು ಅಂಗಡೀನೋ, ಪರೀಕ್ಷೆ ಕೊಠಡೀನೋ? ಮಾತಿಲ್ದೆ ಇದ್ರೆ ಇಲ್ಲಿಗೆ ಯಾವನು ಬರ್ತಾನೆ?" ಎಂದು ನಾನು ಕೂಗಾಡಿದೆ. ನೀನು ತಣ್ಣಗೆ, "ಮಾತಾಡ್ತಾ ನೋಡಿದ್ರೆ ಬಿ.ಪಿ. ಜಾಸ್ತಿ ತೋರಿಸುತ್ತೆ ರೀ. ನಿಮ್ಮ ಮಾತು ಕೇಳ್ತಾ ನೋಡಿದ್ರೆ ಇನ್ನೂ ಜಾಸ್ತಿ" ಅಂದೆ. ಬೆಂಚಿನ ಮೇಲಿದ್ದವರು ಬಿದ್ದುಬಿದ್ದು ನಕ್ಕರು. ಬಸ್ ಕಂಡಕ್ಟರನಿಗಂತೂ ಬಾಯಿ ನಿಲ್ಲದೆ, ಬಾಚಣಿಗೆ ಕಚ್ಚಿಸಿ ಕೂರಿಸಬೇಕಾಯಿತು. ನನ್ನನ್ನೂ ಕೂರಿಸಲು ನೋಡಿದೆ. ನಾನು ಜಗ್ಗುವವನೇ? ತನ್ನ ಕುರ್ಚಿಯಲ್ಲಿ ತಾನೇ ಕೂತರೆ ಗಿರಾಕಿ ಬರುವುದಿಲ್ಲ ಎಂದು ಆ ಕ್ಷಣಕ್ಕೆ ಹೊಳೆದ ಶಾಸ್ತ್ರವೊಂದನ್ನು ಹೇಳಿದೆ. ಅಮ್ಮ ಅದನ್ನು ಇವತ್ತಿಗೂ ನಂಬಿಕೊಂಡಿದ್ದಾಳೆ.

ಅದಕ್ಕಿಂತ ನನಗೆ ಇಷ್ಟವಾದದ್ದು ಅಂಗಡಿಯ ರಜೆಯ ದಿನ. ಹೆಂಗಸರು ಕಟಿಂಗ್ ಶಾಪಿನ ಮೆಟ್ಟಿಲು ಹತ್ತುವುದುಂಟೇ ಎಂದು ನಾನು ನಕ್ಕರೆ, ನೀನು ಬೀಗದ ಕೈ ಇಸಕೊಂಡು ಹೋಗಿ ಗುಡಿಸಿ, ಒರೆಸಿ, ಬಾಗಿಲಿಗೆ ಬೆಡ್‌ಶೀಟು ಕಟ್ಟಿ, ನನ್ನನ್ನು ಮೆಟ್ಟಿಲ ಮೇಲೆ ಕಾವಲು ಕೂರಿಸಿದೆ. ಮೊದಲು ಬಂದವಳು ಆ ಬಟ್ಟೆ ಒಗೆಯುವಾಕೆ. ಕುರ್ಚಿಯ ಅಂಚಿನಲ್ಲಿ ಹೆದರಿ ಕೂತವಳನ್ನು ನೀನು ಭುಜ ಹಿಡಿದು ಒರಗಿಸಿದೆ. ನಾನು ಬೆಡ್‌ಶೀಟಿನ ಸಂದಿಯಿಂದ ನೋಡಿದೆ, ಬೈಯಬೇಡ. ಆಕೆ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಾ, ಯಾರದೋ ಮನೆಗೆ ನೆಂಟರಾಗಿ ಬಂದವರ ಹಾಗೆ ಕೂತಿದ್ದಳು. ಬಿ.ಪಿ. ನೋಡಿ ಪಟ್ಟಿ ಬಿಚ್ಚಿದ ಮೇಲೂ ಏಳಲಿಲ್ಲ. "ಇನ್ನೊಂದು ಐದು ನಿಮಿಷ ಹಿಂಗೇ ಕೂತಿರ್ಲಾ ಸಿಸ್ಟರ್? ಮನೇಲಿ ಕೂತ್ರೆ ಯಾರಾದ್ರೂ ಕರೀತಾರೆ" ಎಂದಳು. ಹೊರಗೆ ಅಷ್ಟು ಜನ ಕಾದಿದ್ದರೂ ನೀನು "ಕೂತ್ಕೊಳ್ಳಿ" ಅಂದೆ. ಅಂದು, ನೀನೂ ಸ್ಟೂಲು ಎಳೆದುಕೊಂಡು ಆಕೆಯ ಪಕ್ಕ ಸುಮ್ಮನೆ ಕೂತೆ. ಇಂಥವಳು ನನ್ನಂಥವನನ್ನು ಹೇಗೆ ಒಪ್ಪಿಕೊಂಡಳೋ ಎಂದು ಅವತ್ತು ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಆ ಬಟ್ಟೆ ಒಗೆಯುವಾಕೆ ಈಗಲೂ ತಪ್ಪದೆ ಬರುತ್ತಾಳೆ. ಬಿ.ಪಿ. ಸರಿಯಾಗಿಯೇ ಇದೆ. ಆದರೂ ಬಂದು ತನ್ನ ಐದು ನಿಮಿಷ ಕೂತು ಹೋಗುತ್ತಾಳೆ.

ನಿನ್ನ ಜಾಗಕ್ಕೆ ಕಳಿಸಿರುವ ಚಿಕ್ಕ ಸಿಸ್ಟರ್ ಬಗ್ಗೆಯೂ ಹೇಳಬೇಕು. ಬಂದ ದಿನ ನೋಡಿ, ಈ ಹುಡುಗಿ ನಮ್ಮೂರವರ ಕೈಲಿ ಸಿಕ್ಕಿ ಚಿಂದಿಯಾಗುತ್ತಾಳೆ ಎಂದುಕೊಂಡೆ. ಮಾತಾಡಿದರೆ ಅವಳಿಗೇ ಕೇಳಿಸುವುದಿಲ್ಲ, ನಮಗೆಲ್ಲಿ ಕೇಳಿಸಬೇಕು? ಆದರೆ ಕೆಲಸದಲ್ಲಿ ಗಟ್ಟಿಗಿತ್ತಿ. ಇಟ್ಟಿಗೆ ಗೂಡಿನ ಕಡೆಯ ದಾರಿ ಕೆಸರಾದರೆ ಸ್ಕೂಟರನ್ನು ಅಲ್ಲೇ ನಿಲ್ಲಿಸಿ, ಚಪ್ಪಲಿ ಕೈಲಿ ಹಿಡಿದು ನಡೆದೇ ಹೋಗುತ್ತಾಳೆ. ಅಲ್ಲಿನ ಬಸುರಿ ಹೆಂಗಸರಿಗೆ ಇವಳು ಬರುವ ದಿನ ಬಾಯಿಪಾಠವಾಗಿದೆ. ಹೋದ ವಾರ ನಮ್ಮ ಕಂಡಕ್ಟರ್ ಕುರ್ಚಿಯಲ್ಲಿ ಕೂತು, ಬಸ್ಸಿನಲ್ಲಿ ನಡೆದ ಜಗಳವನ್ನೆಲ್ಲ ಹೇಳತೊಡಗಿದ. ಅವಳು ಬೇಡ ಎನ್ನಲಿಲ್ಲ, ಸಿಡುಕಲಿಲ್ಲ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಅವನ ಮುಖವನ್ನೇ ನೋಡುತ್ತಾ ನಿಂತಳು. ನಿಂತೇ ಇದ್ದಳು. ಅವನ ಮಾತು ತಾನಾಗಿಯೇ ತಗ್ಗುತ್ತಾ ಬಂದು, ಕೊನೆಗೆ "ಸಾರಿ ಸಿಸ್ಟರ್" ಎಂದು ಬಾಯಿ ಮುಚ್ಚಿದ. ಇದನ್ನು ಯಾರಮ್ಮಾ ಕಲಿಸಿದ್ದು ಎಂದು ಆಮೇಲೆ ಕೇಳಿದೆ. "ಅಕ್ಕ ಹೊರಡೋ ಮುಂಚೆ ಒಂದ್ಸಲ ಹಿಂಗೆ ಮಾಡಿದ್ದು ನೋಡಿದ್ದೆ" ಎಂದಳು. ಅಕ್ಕ ಅಂದರೆ ನೀನು. ನನ್ನೆದುರಿಗೆ ನಿನ್ನನ್ನು ಇನ್ನಷ್ಟು ಹೊಗಳಿದಳು. ಎಲ್ಲವನ್ನೂ ಬರೆದರೆ ನಿನಗೆ ಕೊಂಬು ಬರುತ್ತದೆ, ಬಿಡು.

ಈಗ ಬೇಕರಿಯ ಸುದ್ದಿ. ನೀನು ಕೇಳದಿದ್ದರೂ ಬರೆಯುತ್ತೇನೆ. ಓದದೆ ಹಾರಿಸಿದೆಯೋ, ನನ್ನಾಣೆ. ಅವನು ಈಗ ಕೋಲು ಹಿಡಿದು, ಹೆಂಡತಿಯ ತೋಳಿಗೆ ಒರಗಿ ವಾರಕ್ಕೊಮ್ಮೆ ಶೇವಿಂಗಿಗೆ ಬರುತ್ತಾನೆ. ಸೋತ ಕೆನ್ನೆಗೆ ಕತ್ತಿ ಆಡಿಸುವುದು ಎಷ್ಟು ಕಷ್ಟ ಗೊತ್ತಾ? ಉಳಿದವರೆಲ್ಲ ಕತ್ತಿ ಹತ್ತಿರ ಬಂದರೆ ತಾವಾಗಿಯೇ ಕೆನ್ನೆ ಉಬ್ಬಿಸುತ್ತಾರೆ. ಇವನ ಎಡಗೆನ್ನೆ ಒದ್ದೆ ಬಟ್ಟೆಯ ಹಾಗೆ ಜೋತಿರುತ್ತಿತ್ತು. ಒಂದು ಕೈಯಲ್ಲಿ ಚರ್ಮ ಎಳೆದು ಹಿಡಿದು, ಉಸಿರು ಬಿಗಿಹಿಡಿದು ಇನ್ನೊಂದರಲ್ಲಿ ಹೆರೆಯಬೇಕು. ನೀನು ಹೊರಡುವ ಮುಂಚೆ, ದಿನಾ ಕನ್ನಡಿ ಮುಂದೆ ಕೂತು ಕೆನ್ನೆ ಉಬ್ಬಿಸಲು ನೋಡಿ ಎಂದು ಅವನಿಗೆ ಹೇಳಿಕೊಟ್ಟಿದ್ದೆಯಲ್ಲ. ಈ ವಾರ ಎಂದಿನ ಹಾಗೆ ಎಡಗೆನ್ನೆ ಎಳೆಯಲು ಬೆರಳಿಟ್ಟೆ. ಒಳಗಿನಿಂದ ಗಾಳಿ ತುಂಬಿಕೊಂಡಿತು ಕಣೇ! ಅವನೇ ಉಬ್ಬಿಸಿದ! ಒಂದು ಗಳಿಗೆ ಇತ್ತು, ಆಮೇಲೆ ತುಟಿಯ ಅಂಚಿನಿಂದ ಪುಸ್ಸೆಂದು ಸೋರಿಹೋಯಿತು. ಕತ್ತಿ ಕೆಳಗಿಟ್ಟೆ. ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು, ನಗುತ್ತಾ ನಗುತ್ತಾ ಇಬ್ಬರೂ ಅತ್ತೆವು. ಆಮೇಲೆ ಅವನು, "ತಪ್ಪು ನಂದು. ಸಿಸ್ಟರ್‌ಗೆ ಹೇಳು" ಅಂದ. ನಾಲಿಗೆ ಇನ್ನೂ ತೊದಲುತ್ತದೆ, ಆ ನಾಲ್ಕು ಮಾತು ಹೊರಡುವಷ್ಟರಲ್ಲಿ ನಾನು ಅರ್ಧ ಗಡ್ಡ ಮುಗಿಸಿದ್ದೆ. ಹೇಳು ಅಂದಿದ್ದಾನೆ, ಹೇಳಿದ್ದೇನೆ.

ಅವನ ಹೆಂಡತಿಯ ಕಥೆ ಕೇಳು. ಬೇಕರಿಯನ್ನು ಈಗ ಅವಳೇ ನಡೆಸುತ್ತಾಳೆ. ಯಾರ್ಯಾರಿಗೆ ಬಿ.ಪಿ. ಮಾತ್ರೆ ಇದೆ ಎಂಬುದು ಊರಿಗೆಲ್ಲ ಗೊತ್ತು, ನನ್ನ ಅಂಗಡಿಯಲ್ಲಿ ಗುಟ್ಟು ನಿಲ್ಲುತ್ತದೆಯೇ? ಬೆಳಿಗ್ಗೆ ಬ್ರೆಡ್ಡಿಗೆ ಹೋದರೆ ಮೊದಲು "ಮಾತ್ರೆ ಆಯ್ತಾ?" ಎಂದು ಕೇಳುತ್ತಾಳೆ. ಆಯಿತು ಎಂದರೆ ಬ್ರೆಡ್ಡು. ಇಲ್ಲ ಎಂದರೆ "ಹೋಗಿ ತಗೊಂಡು ಬನ್ನಿ, ಬ್ರೆಡ್ಡೇನು ಓಡಿಹೋಗಲ್ಲ". ಗಂಡ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು, ಬಲಗೈಯಲ್ಲಿ ಚಮಚ ಹಿಡಿದು ಕೂತಿರುತ್ತಾನೆ. ಯಾರಾದರೂ ಸುಳ್ಳು ಹೇಳಿದರೆ ತಟ್ಟೆಯ ಮೇಲೆ ಟಣ್ ಎಂದು ಬಡಿಯುತ್ತಾನೆ. ಅವನಿಗೆ ಹೇಗೆ ತಿಳಿಯುತ್ತದೆ ಎಂದರೆ, ಅದೇ ಸುಳ್ಳನ್ನು ಹೆಂಡತಿಗೆ ದಿನಾ ಹೇಳುತ್ತಿದ್ದವನು ಅವನು. ನಮ್ಮ ಹಳೇ ಮೇಷ್ಟ್ರಿಗೆ, ಅಷ್ಟು ಪಾಠ ಹೇಳಿದ ಮನುಷ್ಯನಿಗೆ, ಎರಡು ಸಲ ಚಮಚದ ಏಟು ಬಿದ್ದಿದೆ. ಏಕಮ್ಮಾ ಹೀಗೆ ಕೇಳುತ್ತೀಯ ಎಂದು ವಿಚಾರಿಸಿದೆ. "ಸಿಸ್ಟರ್ ಒಬ್ರೇ ಎಷ್ಟು ಮನೆ ಕೇಳ್ತಾರೆ? ಬೆಳಿಗ್ಗೆ ಎಲ್ರೂ ನಮ್ಮಲ್ಲಿಗೇ ಬರ್ತಾರಲ್ಲ" ಎಂದಳು. ನೀನು ಹೇಳಿಕೊಟ್ಟದ್ದೂ ಅಲ್ಲ, ಯಾವ ತರಬೇತಿಯಲ್ಲಿ ಕಲಿತದ್ದೂ ಅಲ್ಲ. ಆದರೆ ನೀನು ಈ ಊರಿನಲ್ಲಿ ಓಡಾಡದೆ ಇದ್ದಿದ್ದರೆ ಅವಳಿಗೆ ಇದು ಹೊಳೆಯುತ್ತಿತ್ತೇ ಎಂದು ನೀನೇ ಯೋಚನೆ ಮಾಡು.

ಲಾಯಕ್ಕಿಲ್ಲವಂತೆ! ಎದುರಿಗೆ ಇದ್ದಿದ್ದರೆ ಜಗಳವನ್ನೇ ಆಡುತ್ತಿದ್ದೆ. ರಸ್ತೆಯಲ್ಲಿ ಹೋಗುವಾಗ ನನ್ನನ್ನು ಯಾರೂ ಕ್ಷೌರಿಕ ಎನ್ನುವುದಿಲ್ಲ, ಸಿಸ್ಟರ್ ಯಜಮಾನರು ಎನ್ನುತ್ತಾರೆ. ಆಗ ನನ್ನ ಎದೆ ಎಷ್ಟು ಉಬ್ಬುತ್ತದೆ ಎಂದು ನಿನ್ನೆದುರು ಹೇಳಲು ನಾಚಿಕೆ, ಕಾಗದದಲ್ಲಿ ಹೇಳುತ್ತೇನೆ: ನಿನ್ನ ಗಂಡನಾಗಿದ್ದಕ್ಕೆ ನನಗೆ ಬಹಳ ಹೆಮ್ಮೆ. ಅಷ್ಟು ದೂರ ಕೂತು ಒಬ್ಬಳೇ ಅಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಬೆಳಿಗ್ಗೆ ಚಳಿಯಲ್ಲಿ ಹೊರಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಅಮ್ಮ ಸೊಸೆಗೆ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ಅವಳ ಮೊಣಕಾಲಿನ ಎಣ್ಣೆಯನ್ನು ಎಲ್ಲಿಟ್ಟು ಹೋದೆ ಎಂದೂ ಕೇಳಿದ್ದಾಳೆ. ಚಿಕ್ಕ ಸಿಸ್ಟರ್ ನಮಸ್ಕಾರ ಹೇಳಿದ್ದಾಳೆ. ಗಿರಾಕಿ ಬಂದ, ನಿಲ್ಲಿಸುತ್ತೇನೆ.

ಎಂದೆಂದೂ ನಿನ್ನವನೇ ಆದ,
ನಿನ್ನ "ಇವರು"

ತಾ.ಕ.: ಪೋಸ್ಟ್ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೋದ ರಜೆಯ ದಿನ ಹೆಂಗಸರೆಲ್ಲ ಹೋದ ಮೇಲೆ ಅಂಗಡಿಗೆ ಬೀಗ ಹಾಕಲು ಹೋದೆ. ಚಿಕ್ಕ ಸಿಸ್ಟರ್ ಪಟ್ಟಿ ಸುತ್ತಿಡುತ್ತಿದ್ದಳು. ನಾನೇ ಹೋಗಿ ಕುರ್ಚಿಯಲ್ಲಿ ಕೂತೆ. ಶಾಸ್ತ್ರಗೀಸ್ತ್ರ ಏನೂ ಇಲ್ಲ ಕಣೇ, ಭಯ ಇತ್ತು, ಅಷ್ಟೇ. ಅಪ್ಪ ಕುಸಿದುಬಿದ್ದದ್ದು ಅದೇ ಕುರ್ಚಿಯ ಪಕ್ಕ, ನಿನಗೆ ಗೊತ್ತಲ್ಲ. ಐದು ನಿಮಿಷ ಬಾಯಿ ಮುಚ್ಚಿಕೊಂಡು ಕೂತೆ. ಕನ್ನಡಿಯಲ್ಲಿ ನೋಡಿದರೆ ಥೇಟ್ ಅಪ್ಪನ ಮುಖ. ಅವಳು ಎರಡು ಸಲ ಬಿ.ಪಿ. ನೋಡಿದಳು, ಎರಡು ಸಲವೂ ಮೇಲಿನ ಅಂಕಿ ನೂರ ಎಂಬತ್ತರ ಹತ್ತಿರ. ಮಾರನೇ ದಿನವೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿ ಮಾತ್ರೆ ಬರೆಸಿದಳು. ಗಾಬರಿಯಾಗಬೇಡ, ತಗೊಳ್ಳುತ್ತಿದ್ದೇನೆ. ಮೊನ್ನೆ ಒಂದು ದಿನ ಮರೆತುಹೋಗಿ ಬೇಕರಿಯಲ್ಲಿ "ಆಯ್ತು" ಅಂದೆ, ಟಣ್ ಎಂದು ಚಮಚ ಬಡಿದ. ಮನೆಗೆ ಬಂದು ನುಂಗಿ, ಮತ್ತೆ ಹೋಗಿ ಬ್ರೆಡ್ಡು ತಂದೆ. ಉಗ್ರಾಣದ ಕೆಲಸ ಒಪ್ಪುವುದಾದರೆ ಒಪ್ಪು. ಕತ್ತರಿ ಬಾಚಣಿಗೆ ಕಟ್ಟಿಕೊಂಡು ನಾನೂ, ಅಮ್ಮನೂ ಪಟ್ಟಣಕ್ಕೆ ಬರುತ್ತೇವೆ, ಅಲ್ಲಿಯವರಿಗೂ ಕೂದಲು ಬೆಳೆಯುತ್ತದಲ್ಲ. ಆದರೆ ಒಪ್ಪಿಗೆ ಬರೆದುಕೊಡುವ ಮುಂಚೆ ಒಂದು ಸಲ ಬಂದು ಹೋಗು. ತಿಂಗಳ ಕೊನೆಗೆ ನನ್ನ ಬಿ.ಪಿ. ಮತ್ತೆ ನೋಡಬೇಕಂತೆ. ಆ ಪಟ್ಟಿ ನೀನೇ ಕಟ್ಟಬೇಕು. ಒಂದು ಮಾತೂ ಆಡದೆ ಕೂತಿರುತ್ತೇನೆ.