ಗೋಡೆಯಾಚೆಯ ಕೆಂಪು ನೆರಳು

ಮಾರ್ಚ್ ೪, ಸೋಮವಾರ

ಇವತ್ತೂ ಸೋತೆ. ಅದೂ ಅಕ್ಕನ ಹೆಸರಿನಲ್ಲಿ.

ಫಿಸಿಯೋಥೆರಪಿಯವಳು ಬರುವ ಹೊತ್ತಿಗೇ ಅಕ್ಕನ ಆನ್‌ಲೈನ್ ಆಟದ ತಂಡದ ಮ್ಯಾಚ್. "ನನ್ನ ಬದಲು ನೀನೇ ಆಡು. ಮೈಕ್ ಮಾತ್ರ ಆನ್ ಮಾಡ್ಬೇಡ" ಎಂದಳು. ಆಡಿದೆ. ಗೋಡೆಗಳ ಹಿಂದೆ ಅವಿತವರನ್ನು ಹುಡುಕಿ ಹೊಡೆಯುವ ಆಟ. ನಾನು ಹುಡುಕುವುದರೊಳಗೆ ಅವರೇ ನನ್ನನ್ನು ಮುಗಿಸಿರುತ್ತಾರೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಊರವರ ಕಣ್ಣು ಪರೀಕ್ಷೆ ಮಾಡುವವಳು ನಾನು. ಎದುರಿಗೆ ನಿಂತವನೇ ಕಾಣುವುದಿಲ್ಲ!

ತಂಡದಲ್ಲಿ ಪೈಲ್ವಾನ್ ಅಂತೊಬ್ಬ. ಬರೆದ: "ಕ್ಯಾಪ್ಟನ್, ಏನಾಯ್ತು? ನಿದ್ದೆಗಣ್ಣಲ್ಲಿ ಆಡಿದ್ರಾ?" ಅಕ್ಕ ಓದಿ ಮುಖ ಆಚೆ ತಿರುಗಿಸಿದಳು.

ಮೆಟ್ಟಿಲಿನಿಂದ ಬಿದ್ದು ಬೆನ್ನುಮೂಳೆಗೆ ಆಪರೇಷನ್ ಆದಮೇಲೆ ಅವಳಿಗೆ ಉಳಿದಿರುವುದು ಆ ತಂಡವೊಂದೇ. ಪಿ.ಟಿ. ಟೀಚರ್ ಆಗಿದ್ದವಳು. ಈಗ ದಿಂಬಿಗೊರಗಿ, ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು, ಮುಖ ಕಾಣದ ಮೂವರನ್ನು ಓಡಿಸುತ್ತಾಳೆ, ಬಯ್ಯುತ್ತಾಳೆ. ಹಾಸಿಗೆ ಹಿಡಿದಿದ್ದಾಳೆಂದು ಅವರಿಗೆ ಗೊತ್ತಿಲ್ಲ. ಗೊತ್ತಾಗಕೂಡದು ಎಂದು ಅವಳ ಆಜ್ಞೆ.

ಮಾರ್ಚ್ ೬, ಬುಧವಾರ

ಅಂಗಡಿಯಲ್ಲಿ ಲೆನ್ಸ್ ಉಜ್ಜುವವನೂ ಅದೇ ಆಟ ಆಡುತ್ತಾನೆ. ಊಟದ ಹೊತ್ತಿನಲ್ಲಿ ಗೋಳು ತೋಡಿಕೊಂಡೆ. ಆಚೀಚೆ ನೋಡಿ ಒಂದು ಲಿಂಕ್ ಕಳಿಸಿದ.

"ಇದನ್ನ ಹಾಕ್ಕೊಳ್ಳಿ ಮೇಡಂ. ಗೋಡೆ ಹಿಂದೆ ಇರೋರೆಲ್ಲ ಕೆಂಪಗೆ ಕಾಣ್ತಾರೆ."

"ಸಿಕ್ಕಿಬಿದ್ರೆ?"

"ಅಯ್ಯೋ, ಎಲ್ರೂ ಹಾಕ್ತಾರೆ. ಯಾರನ್ನ ಅಂತ ಹಿಡೀತಾರೆ?"

ಅಕ್ಕ ನಿದ್ದೆಯಲ್ಲಿದ್ದಾಗ ಲ್ಯಾಪ್‌ಟಾಪ್ ಹೊರಗೆ ತಂದು ಆ ಲಿಂಕಿನ ಹ್ಯಾಕ್ ಹಾಕಿಕೊಂಡೆ. ಬೇಕಾದಾಗ ತೆರೆದುಕೊಂಡರಾಯಿತು. ಫೋಲ್ಡರಿಗೆ 'ಕರೆಂಟ್ ಬಿಲ್' ಎಂದು ಹೆಸರಿಟ್ಟೆ. ಅದನ್ನು ಯಾರು ತಾನೇ ಇಷ್ಟಪಟ್ಟು ತೆರೆಯುತ್ತಾರೆ?

ಹೋದ ವರ್ಷ ಇಂಥದ್ದೇ ಹ್ಯಾಕ್ ಹಾಕಿಕೊಂಡವನನ್ನು ಅಕ್ಕ ತಂಡದಿಂದ ಓಡಿಸಿದ್ದಳು. "ಕಳ್ಳರಿಗೆ ನನ್ನ ತಂಡದಲ್ಲಿ ಜಾಗ ಇಲ್ಲ!" ಆ ಕೂಗು ಅಡುಗೆಮನೆಗೂ ಕೇಳಿತ್ತು. ಗೊತ್ತಾದರೆ ನನ್ನನ್ನು ಸಿಗಿದು ತೋರಣ ಕಟ್ಟುತ್ತಾಳೆ.

ಮಾರ್ಚ್ ೧೧, ಸೋಮವಾರ

ಗೆದ್ದೆವು! ಗೋಡೆಯಾಚೆ ಕೆಂಪು ನೆರಳುಗಳು ಓಡಾಡುತ್ತವೆ. ಕಾದು ನಿಂತರೆ ಸಾಕು... ತಾವಾಗಿಯೇ ಬಂದು ಬೀಳುತ್ತಾರೆ.

ಅಕ್ಕ ನನ್ನ ಕೆನ್ನೆ ಹಿಂಡಿದಳು. "ಎಲ್ಲಿ ಬಚ್ಚಿಟ್ಟಿದ್ಯೇ ಈ ಕೈಚಳಕಾನ?" ಮಾತ್ರೆ ನುಂಗುವಾಗಲೂ ನಗುತ್ತಿದ್ದಳು. ನನಗೆ ಊಟ ಸೇರಲಿಲ್ಲ.

ಆಮೇಲೆ ಮ್ಯಾಚಿನ ರೆಕಾರ್ಡಿಂಗ್ ಹಾಕಿಕೊಂಡು ಕೂತಳು. "ಇಲ್ಲಿ ಯಾಕೆ ಬರೀ ಗೋಡೆ ನೋಡ್ತಾ ನಿಂತಿದ್ದೆ?"

"ಹಾಗೇ... ಏನೋ ಅನುಮಾನ ಬಂತು."

"ಹೂಂ" ಎಂದಳು. ಆ ಜಾಗವನ್ನೇ ಇನ್ನೊಮ್ಮೆ ಓಡಿಸಿ ನೋಡಿದಳು.

ಮಾರ್ಚ್ ೧೯, ಮಂಗಳವಾರ

ಲೆನ್ಸ್ ಉಜ್ಜುವವನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಅವನ ಅಕೌಂಟ್ ಬ್ಲಾಕ್ ಆಗಿದೆ. ಶಾಶ್ವತವಾಗಿ.

"ದೆವ್ವ ಬಿಟ್ಟಿದ್ದಾರೆ ಮೇಡಂ!"

ಆಟದ ಕಂಪನಿಯವರು ಈ ವಾರದಿಂದ ಗೋಡೆಗಳ ಹಿಂದೆ ಸುಳ್ಳು ಮನುಷ್ಯರನ್ನು ನಿಲ್ಲಿಸುತ್ತಿದ್ದಾರಂತೆ. ನೆಟ್ಟಗೆ ಆಡುವವರ ಕಣ್ಣಿಗೆ ಅವರು ಬೀಳುವುದೇ ಇಲ್ಲ. ಹ್ಯಾಕ್ ಇರುವವರಿಗೆ ಮಾತ್ರ ಕೆಂಪಗೆ ಕಾಣುತ್ತಾರೆ. ಬಂದೂಕು ಅತ್ತ ತಿರುಗಿಸಿದರೆ ಮುಗಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಮ್ಮನ್ನು ನಾವೇ ತೋರಿಸಿಕೊಡುವುದು.

ಫಿಸಿಯೋ ಸಮಯ ಬದಲಾಗಿ, ಈ ವಾರ ಅಕ್ಕನೇ ಆಡುತ್ತಿದ್ದಾಳೆ. ಹಾಗಾಗಿ ಬಚಾವ್. ಮನೆಗೆ ಬಂದವಳೇ 'ಕರೆಂಟ್ ಬಿಲ್' ಡಿಲೀಟ್ ಮಾಡಿದೆ. ಇನ್ನು ಆ ಸಹವಾಸ ಬೇಡಪ್ಪ.

ಮಾರ್ಚ್ ೨೦, ಬುಧವಾರ

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಫೋನು ಗುಂಯ್ ಎಂದರೆ ಬೆಚ್ಚಿಬೀಳುತ್ತೇನೆ. ಆಸ್ಪತ್ರೆ ರಿಪೋರ್ಟಿಗೆಂದು ಅಕ್ಕನ ಮೇಲ್ ನನ್ನ ಫೋನಿಗೂ ಬರುವ ಹಾಗೆ ಮಾಡಿಕೊಂಡದ್ದು ಈಗ ಶಿಕ್ಷೆಯಾಗಿದೆ. ಗಿರಾಕಿಯ ಎಡಗಣ್ಣಿನ ನಂಬರ್ ಬಲಗಣ್ಣಿಗೆ ಬರೆದು ಓನರ್ ಹತ್ತಿರ ಬೈಸಿಕೊಂಡೆ.

ನಾಳೆ ಬೆಳಗ್ಗೆ ಸೆಮಿಫೈನಲ್. "ನೀನು ಅಂಗಡಿಗೆ ಹೋಗು. ನಾನೇ ಆಡ್ತೀನಿ. ನನ್ನ ಕೈಗೇನಾಗಿದೆ?" ಎಂದಳು ಅಕ್ಕ. ಕೈಗೂ ಆಗಿದೆ. ಆಪರೇಷನ್ ಆದಾಗಿನಿಂದ ಬಲಗೈ ಬೆರಳುಗಳು ಜೋಮು ಹಿಡಿಯುತ್ತವೆ.

ಮಾರ್ಚ್ ೨೧, ಗುರುವಾರ

ಗೆದ್ದಳು! ಫೈನಲ್! ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ, ಖುಷಿಗೆ. ಹ್ಯಾಕೂ ಬೇಡ, ಗೀಕೂ ಬೇಡ—ನನ್ನಕ್ಕ ನನ್ನಕ್ಕನೇ. ನಂಬದೆ ಹೋದವಳು ನಾನು.

ಮಾರ್ಚ್ ೨೩, ಶನಿವಾರ, ಮಧ್ಯಾಹ್ನ

ಮೇಲ್ ಬಂತು. ಆಟದಲ್ಲಿ ಹೊರಗಿನ ಸಾಫ್ಟ್‌ವೇರ್ ಬಳಸಿದ್ದು ಪತ್ತೆಯಾಗಿದೆಯಂತೆ. ಅಕ್ಕನ ಅಕೌಂಟ್ ಬಂದ್. ತಂಡ ಫೈನಲ್‌ನಿಂದ ಹೊರಗೆ.

ಅಂಗಡಿಯ ಹಿಂಬಾಗಿಲಲ್ಲಿ ನಿಂತು ಓದಿದೆ. ಮಾಡಿದವಳು ನಾನು, ಉಣ್ಣುವವಳು ಅವಳು. ಮತ್ತೆ ಓದಿದೆ. ಪತ್ತೆಯಾದದ್ದು ಮಾರ್ಚ್ ೨೧, ಬೆಳಗ್ಗೆ.

ಇಪ್ಪತ್ತೊಂದು? ನಾನು ಅಳಿಸಿದ್ದು ಹತ್ತೊಂಬತ್ತಕ್ಕೆ.

ಸಂಜೆ

"ಕಂಪನಿಯವರದ್ದೇನೋ ಎಡವಟ್ಟು" ಎಂದಳು ಅಕ್ಕ. ನನ್ನ ಮುಖ ನೋಡಲಿಲ್ಲ.

ಚಾರ್ಜ್‌ಗೆ ಹಾಕುವ ನೆಪದಲ್ಲಿ ಲ್ಯಾಪ್‌ಟಾಪ್ ಹೊರಗೆ ತಂದೆ. 'ಕರೆಂಟ್ ಬಿಲ್' ಇದ್ದಲ್ಲೇ ಇದೆ! ಡಿಲೀಟ್ ಮಾಡಿದೆನೇ ಹೊರತು ರೀಸೈಕಲ್ ಬಿನ್ ಖಾಲಿ ಮಾಡಿರಲಿಲ್ಲ, ದಡ್ಡಿ. ಅಲ್ಲಿಂದ ಎತ್ತಿ ವಾಪಸ್ ಇಟ್ಟಿದ್ದಾಳೆ. ಈ ಮನೆಯಲ್ಲಿರುವುದು ನಾವಿಬ್ಬರೇ.

ಕೋಪ ನೆತ್ತಿಗೇರಿತು. ಸುಳ್ಳೇಕೆ, ಕೆನ್ನೆಗೆ ಬಾರಿಸಬೇಕು ಎನಿಸಿತು. ಆಮೇಲೆ... ರುಚಿ ಹತ್ತಿಸಿದವಳು ಯಾರು?

ಒಳಗೆ ಅಕ್ಕನ ಫೋನಿನ ಸ್ಪೀಕರಿನಲ್ಲಿ ಪೈಲ್ವಾನ್: "ಕ್ಯಾಪ್ಟನ್, ನೀವು ಅಂಥೋರಲ್ಲ. ನಾವು ಕಂಪನೀನ ಸುಮ್ನೆ ಬಿಡಲ್ಲ."

ಅಕ್ಕ "ಹೂಂ" ಎಂದಳು.

ಮಾರ್ಚ್ ೨೪, ಭಾನುವಾರ, ಸಂಜೆ

ಬೆಳಗ್ಗೆ ಅವಳ ತಲೆ ಬಾಚುತ್ತಾ ಹೇಳಿಬಿಟ್ಟೆ. "ಹ್ಯಾಕ್ ಹಾಕಿದ್ದು ನಾನು. ಎಲ್ಲಾ ನಂದೇ ತಪ್ಪು ಅಂತ ತಂಡದವರಿಗೆ ಬರೀತೀನಿ. ತಂಗಿ ಮಾಡಿದ್ದಕ್ಕೆ ನಿನ್ನನ್ನ ಯಾರೂ ದೂರಲ್ಲ. ತಂಡ ಆದ್ರೂ ಉಳಿಯುತ್ತೆ."

ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. "ಗುರುವಾರ ಬೆಳಗ್ಗೆ ನೀನೆಲ್ಲಿದ್ದೆ ಅಂತ ಕೇಳಿದ್ರೆ?"

ಬಾಚಣಿಗೆ ನಿಂತಿತು.

"ಮನೇಲೇ ಇದ್ದೆ ಅಂತೀನಿ."

ಬೇಡ ಎನ್ನಲಿಲ್ಲ. ದಿಂಬಿನಡಿಯಿಂದ ಫೋನು ತೆಗೆದು ನನ್ನ ಕೈಗಿಟ್ಟಳು. ಅದು ನೋಯಿಸಿತು. ನಾನೇ ಕೊಟ್ಟ ಮಾತು, ಆದರೂ ನೋಯಿಸಿತು. ತಂಡದ ಗ್ರೂಪಿಗೆ ಬರೆದು ಕಳಿಸಿ, ಫೋನು ಅವಳ ಪಕ್ಕ ಇಟ್ಟು ಬಂದೆ.

ಈಗ ಪಕ್ಕದ ಕೋಣೆಯಲ್ಲಿ ಅಕ್ಕನ ಜೊತೆ ತಂಡದ ಮೂವರೂ ಕಾಲ್‌ನಲ್ಲಿದ್ದಾರೆ. "ಥೂ, ಎಂಥ ತಂಗಿ ರೀ ಅವಳು!"—ಪೈಲ್ವಾನ್. ಬಯ್ಯಲಿ. ಬೈಸಿಕೊಳ್ಳುವುದು ಇದ್ದದ್ದೇ.

ಅಕ್ಕ ಮಾತಾಡುತ್ತಿದ್ದಾಳೆ. ಮೈದಾನದ ಆ ತುದಿಗೂ ಕೇಳುತ್ತಿದ್ದ ಹಳೆಯ ದನಿ.

"ಸಾಕು ನಿಲ್ಸಿ. ಅವಳು ಬರೆದಿರೋದು ಅರ್ಧ ಸುಳ್ಳು. ನಾನು ಹಾಸಿಗೆ ಹಿಡಿದು ವರ್ಷ ಆಗ್ತಾ ಬಂತು. ಬೆರಳು ನನ್ನ ಮಾತು ಕೇಳಲ್ಲ. ಗುರುವಾರ ಅದನ್ನ ಹಾಕ್ಕೊಂಡು ಆಡಿದವಳು ನಾನು. ಕಳ್ಳರಿಗೆ ತಂಡದಲ್ಲಿ ಜಾಗ ಇಲ್ಲ ಅಂದವಳೂ ನಾನೇ..."

ಅಕ್ಕ ಅಳುತ್ತಿದ್ದಾಳೆ. ಬರೆದದ್ದು ಸಾಕು, ನಾನು ಹೋಗಿ ಅವಳ ಪಕ್ಕ ಕೂರುತ್ತೇನೆ.