ಭಟ್ಟಿಯ ಮುಂದಿನ ಪ್ರಾರ್ಥನೆ

ಬೇಕರಿಯ ಹಿಂದಿನ ಕೋಣೆಯಿಂದ,
ಮಂಗಳವಾರ ಮಧ್ಯಾಹ್ನ

ರೀ,

ಕರ್ತನ ಕೃಪೆ ನಿಮ್ಮಿಬ್ಬರನ್ನು ಬಿಟ್ಟು ಕದಲದಿರಲಿ. ಹೇಗಿದ್ದೀರಿ? ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಬೆನ್ನು ಹಿಡಿದುಕೊಂಡಿರಬೇಕು. ನಮ್ಮ ಮಗಳು ಹೇಗಿದ್ದಾಳೆ? ಬನ್ನಿನಂಥ ಕೆನ್ನೆ ಅಂತ ಬನ್ನು ಎಂದು ಕರೆದೆವು, ಈಗ ಆ ಕೆನ್ನೆಯೇ ಇಳಿದುಹೋಗಿದೆಯಂತೆ, ನಿಜವೇ? ಫೋನಿನಲ್ಲಿ ಕೇಳೋಣವೆಂದರೆ ಅವಳ ದನಿ ಕೇಳಿದ ಕೂಡಲೇ ನಾನು ಅತ್ತುಬಿಡುತ್ತೇನೆ, ಮಗು ಹೆದರುತ್ತದೆ. ಅದಕ್ಕೇ ಈ ಕಾಗದ. ನಮ್ಮ ವ್ಯಾನಿನವನು ಆ ಕಡೆ ಹೊರಟಿದ್ದಾನೆ, ಅವನ ಕೈಯಲ್ಲೇ ಕೊಡುತ್ತೇನೆ. ನಾಳೆ ಬೆಳಿಗ್ಗೆ ಅವಳ ಹೃದಯದ ಆಪರೇಷನ್, ನಾನಿಲ್ಲಿ ಹಿಟ್ಟು ನಾದುತ್ತಿರಬೇಕು! ವಾರ್ಡಿನಲ್ಲಿ ಒಬ್ಬರೇ ಇರಬೇಕೆಂದರು, ಇಲ್ಲಿ ಸೊಂಟ ಮುರಿದುಕೊಂಡ ಅತ್ತೆಗೆ ಮಗ್ಗುಲು ಬದಲಿಸಲೂ ಒಬ್ಬರು ಬೇಕು. ಹೊರಡುವಾಗ ಬನ್ನು, 'ಅಮ್ಮ, ನೀನು ಬರಲ್ವಾ?' ಅಂದಳು. 'ಕೆಲಸ ಇದೆ ಪುಟ್ಟಾ' ಅಂದೆ. ಬೇರೆ ಮಾತೇ ಹೊಳೆಯಲಿಲ್ಲ ನೋಡಿ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಬ್ರೆಡ್ಡಿಗೆ ಗಡಿಯಾರ ನೋಡುತ್ತಿರಲಿಲ್ಲ, ನೆನಪಿದೆಯಲ್ಲ? ಟ್ರೇಗಳನ್ನು ಭಟ್ಟಿಯೊಳಗೆ ತಳ್ಳಿ ಅಲ್ಲೇ ಮಂಡಿಯೂರುವರು. ಮನೆಯವರು, ಬೀದಿಯವರು, ಕಾಯಿಲೆಯವರು, ಜಗಳಗಂಟಿ ಗಿರಾಕಿಗಳು, ಒಬ್ಬೊಬ್ಬರನ್ನೂ ದೇವರ ಮುಂದೆ ನಿಲ್ಲಿಸಿ ಆಮೆನ್ ಎನ್ನುವಷ್ಟರಲ್ಲಿ ಬ್ರೆಡ್ಡು ಹದವಾಗಿ ಬೆಂದಿರುತ್ತಿತ್ತು. ಮಹಾ ಬುದ್ಧಿವಂತೆ ನಾನು, ಟ್ರಿಣ್ ಎನ್ನುವ ಗಡಿಯಾರ ತಂದಿಟ್ಟೆ. ಆ ಹೊತ್ತಿನಲ್ಲಿ ಟ್ರೇ ತೊಳೆಯಬಹುದು, ಹಾಸ್ಟೆಲಿನ ಆರ್ಡರು ಕಟ್ಟಬಹುದು, ಪ್ರಾರ್ಥನೆ ಆಮೇಲೆ ಅಂದೆ. ಆ ಆಮೇಲೆ ಬರಲೇ ಇಲ್ಲ. ಗಿರಾಕಿಗೆ ಹೇಳಿದ ಹಾಗೆ ದೇವರಿಗೂ 'ಒಂದ್ನಿಮಿಷ, ಬಂದೆ' ಅಂತಲೇ ಹೇಳಿಕೊಂಡು ಬಂದೆ. ಈಗ ನೀರು ಕುತ್ತಿಗೆಗೆ ಬಂದಾಗ ಯಾವ ಮುಖ ಇಟ್ಟುಕೊಂಡು ಕರೆಯಲಿ, ನೀವೇ ಹೇಳಿ.

ಇವತ್ತು ಆ ಗಡಿಯಾರ ಮುಟ್ಟಲಿಲ್ಲ. ಅತ್ತೆಯ ಹಾಗೆಯೇ ಮಂಡಿಯೂರಿದೆ. ಅತ್ತೆಯ ಸೊಂಟ ಆಯಿತು, ನಿಮ್ಮ ಬೆನ್ನು ಆಯಿತು, ಬನ್ನುವಿನ ಹೆಸರಿಗೆ ಬಂದೆ. ಅಲ್ಲಿಂದ ಮುಂದೆ ಹೋಗಲಾಗಲಿಲ್ಲ ಕಣ್ರೀ. ನಿನ್ನ ಚಿತ್ತದಂತೆ ಆಗಲಿ ಅನ್ನಬೇಕಲ್ಲ? ಆತನ ಚಿತ್ತ ಬೇರೆಯೇ ಇದ್ದರೆ? ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಅವಳ ಹೆಸರನ್ನೇ ಹೇಳುತ್ತಾ ಹೇಳುತ್ತಾ ಕೂತೆ. ಹೊಗೆ ಮೂಗಿಗೆ ಅಡರಿದಾಗ ನೋಡಿದರೆ ಬ್ರೆಡ್ಡೆಲ್ಲ ಇದ್ದಿಲು. ಹಾಸ್ಟೆಲಿನವನು ಕೂಗಾಡಿ ಹೋದ. ಚಹಾದಂಗಡಿಯವನು ಮಾತ್ರ ಕರಿ ಕೆರೆದುಕೊಂಡು ಎರಡು ಒಯ್ದ, ಪಾಪ.

ಅತ್ತೆಯ ಬಾಯಿ ನಿಮಗೆ ಗೊತ್ತೇ ಇದೆ. ಬೈಸಿಕೊಳ್ಳಲೆಂದೇ ಹೋಗಿ ಮಂಚದ ಪಕ್ಕ ಕೂತು ಗೊಳೋ ಎಂದುಬಿಟ್ಟೆ. ಅವರು ನನ್ನ ತಲೆ ಸವರಿ, 'ಬಾಯಿಗೆ ಬರದಿದ್ರೆ ಬಿಡು ಮಗಳೇ. ಅವಳ ಹೆಸರಲ್ಲೇ ಕೂತ್ಕೋ. ಅವಸರ ಭಟ್ಟಿಗೆ, ದೇವರಿಗಲ್ಲ' ಅಂದರು. ಆದರೂ ನನ್ನ ಭಯ ಹೋಗಿಲ್ಲ.

ಊಟ ಬಿಡಬೇಡಿ. ಬನ್ನುವಿನ ಎರಡೂ ಕೆನ್ನೆಗೆ ನನ್ನ ಮುತ್ತು, ಅವಳ ನೆತ್ತಿಯ ಮೇಲೆ ಅಜ್ಜಿಯ ಕೈ.

ನಿಮ್ಮ ಹಿಟ್ಟಿನ ಕೈಯವಳು

ತಾ. ಕ.: ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ. ನಾಳೆ ಭಟ್ಟಿ ಹಚ್ಚುವುದಿಲ್ಲ. ಮಾವ ತೀರಿಕೊಂಡ ದಿನವೂ ಹಚ್ಚಿದ್ದ ಭಟ್ಟಿ, ಗೊತ್ತು. ಗಿರಾಕಿಗಳು ಹೋದರೆ ಹೋಗಲಿ. ಆಪರೇಷನ್ ಮುಗಿಯಿತೆಂದು ನೀವು ಫೋನ್ ಮಾಡುವವರೆಗೆ ಆ ಭಟ್ಟಿಯ ಮುಂದಿನಿಂದ ಏಳುವುದಿಲ್ಲ. ಅತ್ತೆಯೂ ತಮ್ಮ ಮಂಚವನ್ನು ಅಲ್ಲಿಗೇ ಎಳೆದು ಹಾಕು ಅಂದಿದ್ದಾರೆ. ಬನ್ನುವನ್ನು ಒಳಗೆ ಕರೆದುಕೊಂಡು ಹೋಗುವ ಮೊದಲು ಅವಳ ಕಿವಿಯಲ್ಲಿ ಹೇಳಿ, ಅಮ್ಮನಿಗೆ ಇವತ್ತು ಕೆಲಸ ಇಲ್ಲ ಅಂತ.